ಬಸ್ಸಿನ ಮೊದಲ ಮೆಟ್ಟಿಲು

ಮಕ್ತಲ್
೧೮ ನವೆಂಬರ್ ೨೦೨೪, ಸೋಮವಾರ

ಸಂಗಮ್ಮಕ್ಕಾ, ನಿನ್ನ ತಮ್ಮನ ಶರಣು.

ಹಾಂ, ಎಲ್ಲಿಗೆ ಬಂದಿದ್ದೆ? ಬಸ್ಸಿನ ಮೆಟ್ಟಿಲಿಗೆ. ನಿನ್ನೆ ಫೋನಿನಲ್ಲಿ ಅಷ್ಟು ಹೇಳುವುದರೊಳಗೆ ನಿನ್ನ ಸೊಸೆ ಭಾಗ್ಯಜ್ಯೋತಿ ಸ್ಪೀಕರ್ ಹಾಕಿದಳು, ಮನೆಮಂದಿಯೆಲ್ಲ ಮುತ್ತಿಕೊಂಡರು, ನನ್ನ ಮಾತು ಅಲ್ಲಿಗೇ ನಿಂತಿತು. ಇರಲಿ, ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಬೆಳಿಗ್ಗೆ ಏಳುವಾಗ ಬಿಗಿ ಹಿಡಿಯುವುದು ಕಡಿಮೆಯಾಯಿತೇ?

ನನಗೂ ಅದೇ ಜಡ್ಡು ಬಂತಲ್ಲ. ನಾರಾಯಣಪೇಟೆಯ ಡಾಕ್ಟರು ಎಕ್ಸ್‌ರೇ ನೋಡಿ ಸಂದು ಸವೆದಿದೆ ಎಂದರು. ಕಾಲೇಜಿನಲ್ಲಿ ಓದಿದ್ದು ನೆನಪಾಗಿ "ಹಿಂಜ್ ಜಾಯಿಂಟ್, ಸರ್" ಅಂದೆ. ಅವರಿಗೆ ಖುಷಿಯಾಯಿತು, ನೋವು ಇದ್ದಲ್ಲೇ ಇತ್ತು. ಗುಳಿಗೆಗಿಂತ ವ್ಯಾಯಾಮವೇ ಮುಖ್ಯವೆಂದು, ಅದನ್ನು ಕಲಿಸುವ ಉಮಾಶ್ರೀ ಎಂಬ ಹುಡುಗಿಯ ಕಡೆ ಕಳಿಸಿದರು. ಬಾಯಿ ಜೋರು. "ಕಾಲು ಎತ್ರಿ ಅಂದೀನಿ ತಾತಾ, ಹಲ್ಲು ಕಡೀರಿ ಅಂದಿಲ್ಲ!" ಅನ್ನುತ್ತಾಳೆ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಐದು ಎಣಿಸಬೇಕು, ಆಮೇಲೆ ಕೈ ಊರದೆ ಏಳಬೇಕು. ನನ್ನಾಕೆ ಸುಗುಣ ಇದ್ದಿದ್ದರೆ ಮೂರರ ನಂತರ ಮತ್ತೆ ಎರಡು ಎಣಿಸಿ ನನ್ನನ್ನು ಸತಾಯಿಸುತ್ತಿದ್ದಳು. ಈಗ ನಾನೇ ಎಣಿಸಿಕೊಳ್ಳುತ್ತೇನೆ. ಮೋಸ ಮಾಡುವವರು ಯಾರೂ ಇಲ್ಲ ಅಕ್ಕಾ, ಅದೇ ಬೇಸರ.

ಮೆಟ್ಟಿಲಿನ ವಿಷಯಕ್ಕೆ ಬಂದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಗದ್ವಾಲ ಬಸ್ಸಿನ ಮೊದಲ ಮೆಟ್ಟಿಲನ್ನು ಗೇಣಿನಿಂದ ಅಳೆದೆ. ಕಂಡಕ್ಟರ್ ಇಣುಕಿ, "ಏನ್ರೀ ಯಜಮಾನ್ರ, ಬಸ್ ಖರೀದಿ ಮಾಡಾಕ ಬಂದೀರೇನು?" ಅಂದ. ಒಂದೂವರೆ ಗೇಣು. ಮನೆಗೆ ಬಂದು ಹಿತ್ತಲಲ್ಲಿದ್ದ ಚಪ್ಪಡಿ ಕಲ್ಲುಗಳನ್ನು ಅಷ್ಟೇ ಎತ್ತರಕ್ಕೆ ಒಟ್ಟಿ, ಗೋಡೆ ಹಿಡಿದು ಹತ್ತಿ ಇಳಿದೆ. ಮೊಣಕಾಲು ಬಾತುಕೊಂಡು ನಾಲ್ಕು ದಿನ ಮಲಗಿದೆ. ಉಮಾಶ್ರೀ ಬೈದದ್ದೇ ಬೈದದ್ದು. "ಒಂದ ಕಲ್ಲಿಡ್ರಿ. ಅದು ಸಲೀಸಾದ ಮ್ಯಾಲೆ ಇನ್ನೊಂದಿಡ್ರಿ. ಬಸ್ ಎಲ್ಲೂ ಓಡಿಹೋಗಲ್ಲ!" ಹಾಗೇ ಮಾಡಿದೆ. ಮೊನ್ನೆ ಆರನೆಯ ಕಲ್ಲು, ಅಂದರೆ ಪೂರಾ ಒಂದೂವರೆ ಗೇಣು. ನೋವು ಹೋಗಿಲ್ಲ, ಆದರೆ ಕಾಲು ನನ್ನ ಮಾತು ಕೇಳುತ್ತದೆ. ಪ್ರೋಗ್ರೆಸ್ ಸ್ಲೋ, ಬಟ್ ಸ್ಯಾಟಿಸ್ಫ್ಯಾಕ್ಟರಿ.

ಇಷ್ಟೆಲ್ಲ ಯಾಕೆ ಅಂದರೆ, ನಿನ್ನನ್ನು ನೋಡಬೇಕು. ಜೂರಾಲ ಅಣೆಕಟ್ಟು ದಾಟಿದರೆ ನಿನ್ನ ಊರು, ಅದೇ ಈಗ ಕಾಶಿಯಷ್ಟು ದೂರ. ಮೊದಲು ಬಾಗಿಲಲ್ಲೇ ನಿಲ್ಲಿಸಿ "ಎಷ್ಟ್ ಸೊರಗೀಯೋ ಹುಚ್ಚಪ್ಪಾ" ಅಂತಿದ್ದೆ. ಸುಗುಣ ಹೋಗಿ ಒಂದೂವರೆ ವರ್ಷ; ಅಂದಿನಿಂದ ಫೋನಿನಲ್ಲಿ "ಹೌದ್ರಿ, ಅರಾಮದೀವ್ರಿ" ಅನ್ನುತ್ತೀ. ಹೆತ್ತವ್ವನಂತೆ ಬೆಳೆಸಿದ ಅಕ್ಕ ತಮ್ಮನಿಗೆ 'ರೀ' ಅಂದರೆ ಹೇಗೆ ತಡೆದುಕೊಳ್ಳಲಿ?

ಬೆಳಕು ಹೋಗುತ್ತಿದೆ, ಸಾಲುಗಳು ಡೊಂಕಾಗುತ್ತಿವೆ. ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನ ಪಾದಕ್ಕೆ ಶರಣು.

ನಿನ್ನ ತಮ್ಮ,
ಕೊಟ್ರೇಶ

ತಾ.ಕ.: ಮರೆತಿರಲಿಲ್ಲ, ಧೈರ್ಯ ಬರಲಿಲ್ಲ. ಸುಗುಣಳ ಮಣ್ಣಿಗೆ ನಿನಗೆ ಬರಲಾಗದಿದ್ದಾಗ "ಕಾಲುನೋವಲ್ಲ, ನಿನಗ ಮನಸಿರಲಿಲ್ಲ" ಅಂದುಬಿಟ್ಟೆ. ಈ ದಸರೆಗೆ ಚೀಲ ಹಿಡಿದು ನಿನ್ನಲ್ಲಿಗೆ ಹೊರಟಿದ್ದೆ. ಮೂರು ಬಸ್ಸು ಎದುರಿಗೇ ಹೋದವು, ಪಾದ ಏಳಲಿಲ್ಲ. ಮನಸ್ಸು ಮಾತ್ರ ಒಳಗೆ ಹೋಗಿ ಸೀಟು ಹಿಡಿದು ಕೂತಿತ್ತು. ಅವತ್ತು ನಿನ್ನ ಸಂಕಟ ತಿಳಿಯಿತು. ಈ ಮಾತನ್ನು 'ಐ ಬೆಗ್ ಟು ಸ್ಟೇಟ್' ಅಂತ ಶುರು ಮಾಡಿದ್ದೆ, ಮುಂದಿನ ಇಂಗ್ಲಿಷು ಬರಲಿಲ್ಲ. ತಪ್ಪಾಯಿತು ಅಕ್ಕಾ. ಬರುವ ಸೋಮವಾರ ಹತ್ತರ ಬಸ್ಸಿಗೆ ಬರುತ್ತೇನೆ. ನೀನು ಏಳಬೇಡ, ಚಿಲಕ ಹಾಕದೆ ಬಿಡು, ನಾನೇ ಬಾಗಿಲು ನೂಕಿಕೊಂಡು ಬರುತ್ತೇನೆ.