ಕೈತಪ್ಪಿಯೋ, ಬೇಕೆಂದೋ

ನನ್ನ ಗುಂಡ,

ಚಿಕ್ಕವನಿದ್ದಾಗ ಮೈಕೈ ತುಂಬಿಕೊಂಡಿದ್ದೆ ಎಂದು ಇಟ್ಟ ಹೆಸರು. ಈಗ ಅದನ್ನು ಬರೆದರೆ ಬಂದೂಕಿನ ಗುಂಡೇ ನೆನಪಾಗುತ್ತದೆ. ಆದರೆ ಬೇರೆ ಹೆಸರಿನಿಂದ ನಿನ್ನನ್ನು ಕರೆದು ನನಗೆ ಅಭ್ಯಾಸವಿಲ್ಲ.

ನೀನು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುತ್ತಿಲ್ಲ. ಆ ದಿನ ನನ್ನ ಕಡೆ ಏನಾಯಿತೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಕೆಲಸ ನಿನಗೆ ಯಾವಾಗಲೂ ತಮಾಷೆ. "ನಮ್ಮಕ್ಕ ಕಾಯಿಲೆಗಳಿಗೆ ನಂಬರ್ ಹಾಕ್ತಾಳೆ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ನಿಜ, ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನನ್ನದು ಅಷ್ಟೇ ಕೆಲಸ. ಡಾಕ್ಟರು ಬರೆದದ್ದನ್ನು ಓದಿ ಅದಕ್ಕೆ ಗೊತ್ತುಪಡಿಸಿದ ಕೋಡ್ ಹಾಕುವುದು. ಗುಂಡೇಟಾದರೆ ಗಾಯದ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತದೆ: ಕೈತಪ್ಪಿಯೋ, ತಾನೇ ಹೊಡೆದುಕೊಂಡದ್ದೋ, ಬೇರೆಯವರು ಹೊಡೆದದ್ದೋ. ಏನೂ ಬರೆದಿಲ್ಲವಾದರೆ ಆಕಸ್ಮಿಕ ಎಂದೇ ಹಾಕಬೇಕು. ತಿಳಿಯದು ಎನ್ನುವುದಕ್ಕೂ ಒಂದು ಕೋಡ್ ಇದೆ. ಆದರೆ ತಿಳಿಯಲಿಲ್ಲವೆಂದು ಡಾಕ್ಟರೇ ಬರೆದಿದ್ದರೆ ಮಾತ್ರ ಅದು.

ನಾನು ಗಾಯವನ್ನು ಮೊದಲು ಓದುತ್ತೇನೆ, ಹೆಸರನ್ನು ಕಡೆಗೆ. ಅವತ್ತೂ ಹಾಗೇ: ಎಡ ಭುಜ, ಮೂಳೆ ಮುರಿದಿದೆ, ಗುಂಡು ಹೊರಹೋಗಿದೆ, ಉಗ್ರಾಣದ ಕಾವಲುಗಾರ. ಕೋಡ್ ಅರ್ಧ ಟೈಪ್ ಮಾಡಿ ತಲೆಯೆತ್ತಿದರೆ ಪರದೆಯ ಮೇಲ್ಭಾಗದಲ್ಲಿ ನಿನ್ನ ಹೆಸರು. ಅದರ ಮುಂದೆ ಅಪ್ಪನ ಹೆಸರು. ಕಣ್ಣು ಕತ್ತಲೆಗಟ್ಟಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು, ಕೀಬೋರ್ಡಿನ ಸಂದಿಯಲ್ಲಿ ಸಿಕ್ಕ ಬಿಸ್ಕತ್ತಿನ ಪುಡಿ ಕೂಡ.

ಪಕ್ಕದ ಸೀಟಿನ ಗೆಳತಿ ಪರದೆ ನೋಡಿದಳು, ನನ್ನ ಮುಖ ನೋಡಿದಳು. "ಇದನ್ನ ನೀನು ಮಾಡೋ ಹಾಗಿಲ್ಲ, ನಂಗೆ ಕಳ್ಸು. ಮೊದ್ಲು ಮೇಲೆ ಹೋಗು" ಎಂದಳು.

ವಾರ್ಡಿನ ಬಾಗಿಲಲ್ಲೇ ನಿನ್ನ ಹೆಂಡತಿ ಸಿಕ್ಕಳು. "ಬಂದೂಕು ಒರೆಸ್ತಾ ಇದ್ರಂತೆ ಅಕ್ಕ, ಕೈ ಜಾರಿತಂತೆ" ಎಂದಳು. ಉಗ್ರಾಣದ ಮೇಲ್ವಿಚಾರಕನೂ ಅದನ್ನೇ ಹೇಳಿದ. ನೀನೊಬ್ಬ ಹೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅವರು ಔಷಧಿ ತರಲು ಹೋದಾಗ ನಾನು ಕೇಳಿದೆ, ಕೈ ತಪ್ಪಿತೇನೋ ಎಂದು. ಗೋಡೆ ನೋಡುತ್ತಲೇ ನೀನು ಹೇಳಿದೆ: "ನಂಗೇ ಗೊತ್ತಿಲ್ಲ ಅಕ್ಕ. ಒರೆಸೋಕೆ ಅಂತ್ಲೇ ತಗೊಂಡೆ. ಆಮೇಲೆ ಒರೆಸ್ತಾ ಇರ್ಲಿಲ್ಲ."

ಆ ಮಾತಿನಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ಹಿಂದಿನ ಭಾನುವಾರವಷ್ಟೇ ನಮ್ಮ ಮನೆಗೆ ಬಂದು, ಕೆಟ್ಟ ಫ್ಯಾನು ಬಿಚ್ಚಿ ಸರಿಮಾಡಿ, ನನ್ನ ಮಗಳನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಹೋಗಿದ್ದೆ. ಇದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದೆಯೋ?

ಕೆಳಗೆ ಬಂದರೆ ಗೆಳತಿ ಕೇಳಿದಳು: "ಡಾಕ್ಟರು ಏನೂ ಬರ್ದಿಲ್ಲ ಕಣೆ. ಆಕಸ್ಮಿಕ ಅಂತ ಹಾಕ್ಲಾ?" ಹಾಕಿದ್ದರೆ ಎಲ್ಲರಿಗೂ ನಿರಾಳ. ಭುಜ ವಾಸಿಯಾದ ಮೇಲೆ ಅದೇ ಬಂದೂಕು ಮತ್ತೆ ನಿನ್ನ ಕೈಗೆ ಬರುತ್ತಿತ್ತು. "ಡಾಕ್ಟರನ್ನ ಕೇಳು" ಎಂದೆ. ಸಂದೇಹವಿದ್ದರೆ ಹಾಗೆ ಕೇಳಿ ಕಳಿಸುವುದು ನಮ್ಮಲ್ಲಿ ರೂಢಿ. ಅವಳು ಕಳಿಸಿದಳು. ನನಗೆ ಅಷ್ಟಕ್ಕೆ ಸಮಾಧಾನವಾಗದೆ ಡಾಕ್ಟರಮ್ಮನನ್ನು ಕಾರಿಡಾರಿನಲ್ಲೇ ತಡೆದು, "ರೂಮಲ್ಲಿ ಯಾರೂ ಇಲ್ದಾಗ ಅವನನ್ನ ಒಂದ್ಸಲ ಕೇಳಿ ಮೇಡಂ" ಎಂದು ಬೇಡಿಕೊಂಡೆ.

ಡಾಕ್ಟರಮ್ಮ ತನ್ನನ್ನು ಹೊರಗೆ ಕಳಿಸಿದಾಗ ನಿನ್ನ ಹೆಂಡತಿ ನನ್ನ ಮೇಲೆ ಉರಿದುಬಿದ್ದಳು. "ಒಡಹುಟ್ಟಿದ ತಮ್ಮನ ಮೇಲೇ ಅನುಮಾನ ಪಡ್ತೀರಲ್ಲ" ಎಂದಳು. ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದು ಅವಳನ್ನು ಒಳಗೆ ಕರೆದರು. ಮತ್ತೆ ಬಾಗಿಲು ತೆರೆದಾಗ ನೀನು ಬಿಕ್ಕುತ್ತಿದ್ದೆ. ಅವಳು ನಿನ್ನ ತಲೆಯನ್ನು ಎದೆಗಪ್ಪಿಕೊಂಡಿದ್ದಳು. ನಾನು ಒಳಗೆ ಬರಲಿಲ್ಲ.

ಉದ್ದೇಶ ತಿಳಿಯಲಿಲ್ಲ ಎಂದು ಡಾಕ್ಟರು ಬರೆದರು. ಅವತ್ತೇ ಮನೋವೈದ್ಯರನ್ನೂ ಕರೆಸಿದರು. ಬಂದೂಕನ್ನು ಉಗ್ರಾಣದವರು ವಾಪಸು ತೆಗೆದುಕೊಂಡರು. ಮೊನ್ನೆ ನಿನ್ನ ಹೆಂಡತಿ ಫೋನು ಮಾಡಿ ಸ್ವಲ್ಪ ಹೊತ್ತು ಅತ್ತು ಇಟ್ಟಳು. ಅವಳ ಸಿಟ್ಟು ಇಳಿದಿದೆಯೆಂದು ನನಗೆ ಅರ್ಥವಾಯಿತು.

ನೆಂಟರಿಗೆ ಕೈಜಾರಿತು ಎಂದೇ ಹೇಳಬೇಕೆನಿಸಿದರೆ ಹೇಳು, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಗುರುವಾರ ಮನೋವೈದ್ಯರ ಹತ್ತಿರ ನಾನೂ ಬರುತ್ತೇನೆ, ರಜೆ ಹಾಕಿದ್ದೇನೆ. ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗೆ ಏನು ಹೇಳಿದೆ ಎಂದು ಕೇಳುವುದಿಲ್ಲ.

ನೂರು ವರ್ಷ ಬಾಳು ಎಂದು ಹರಸಲು ಇವತ್ತು ನನಗೆ ಧೈರ್ಯ ಸಾಲದು. ಗುರುವಾರದವರೆಗೆ ಬಾಳು, ತಮ್ಮ. ಆಮೇಲಿನದನ್ನು ಅಲ್ಲಿಂದ ನೋಡೋಣ.

ನಿನ್ನ ದಾರಿ ಕಾಯುವ
ಅಕ್ಕ