ಎರಡು ಕಿಲೋ ಹೆಚ್ಚಾದ ಪೆಟ್ಟಿಗೆ

ಇಲಿಮರಿ,

ನೀನು ಏಳೋದ್ರೊಳಗೆ ನಾನು ಪಾಳಿಗೆ ಹೋಗಿರ್ತೀನಿ. ತಂಗಿ ಎರಡು ವರ್ಷ ಓದೋಕೆ ಪರದೇಶಕ್ಕೆ ಹೊರಟಿದ್ದಾಳೆ ಅಂದರೂ ಮೇಲ್ವಿಚಾರಕ ಅರ್ಧ ದಿನದ ರಜೆ ಕೊಡಲಿಲ್ಲ. ಅಮ್ಮ ಸತ್ತ ದಿನವೂ ಕೊಡದ ಪುಣ್ಯಾತ್ಮ ಅವನು.

ನಿನ್ನ ಪೆಟ್ಟಿಗೆಯನ್ನು ಕಾರ್ಖಾನೆಯ ತೂಕದ ಯಂತ್ರದಲ್ಲಿ ತೂಗಿಸಿದ್ದೆನಲ್ಲ? ಅದು ನಾವು ಕಟ್ಟಿದ ಮೂಟೆಗಳನ್ನು ಎರಡು ಕಿಲೋ ಕಡಿಮೆ ತೋರಿಸಿ ಕೂಲಿ ನುಂಗುತ್ತೆ ಅಂತ ಗೇಟಿನ ಮುಂದೆ ಗಂಟಲು ಹರಿದುಕೊಂಡವಳು ನಾನೇ. ನಿನ್ನ ಸಂಭ್ರಮದಲ್ಲಿ ಅದನ್ನೇ ಮರೆತುಬಿಟ್ಟೆ! ವಿಮಾನದವರು ದಂಡ ಹಾಕ್ತಾರೆ. ಅದಕ್ಕೇ ಅಮ್ಮನ ಉಣ್ಣೆ ಕೋಟನ್ನು ಹೊರಗೆ ತೆಗೆದಿಟ್ಟಿದ್ದೀನಿ. ಸೆಕೆ ಅಂತ ಗೊಣಗದೆ ಮೈಮೇಲೆ ಹಾಕ್ಕೋ. ತೊಟ್ಟ ಬಟ್ಟೆಯನ್ನು ಯಾರೂ ತೂಗಲ್ಲ.

ನೀರಿನ ಬಾಟಲಿ ಖಾಲಿಯೇ ತಗೊಂಡು ಹೋಗು, ತಪಾಸಣೆ ಮುಗಿದ ಮೇಲೆ ತುಂಬಿಸಿಕೋ. ವಿದ್ಯಾರ್ಥಿ ಕಾರ್ಡನ್ನು ಹೋದಲ್ಲೆಲ್ಲ ತೋರಿಸು; ರಿಯಾಯಿತಿ ಕೇಳೋದು ಭಿಕ್ಷೆಯಲ್ಲ, ಹಕ್ಕು. ಆದರೆ ಕಾಸು ಉಳಿಸೋಕೆ ಅಂತ ಊಟ ಬಿಟ್ಟೀಯ, ಜೋಕೆ.

ಕೋಟಿನ ತೋಳನ್ನು ಮಾತ್ರ ಮೂಸಬೇಡ, ಅಳು ಬರುತ್ತೆ. ನಾನು ಮೂಸಿ ನೋಡಿದೆ.

ಬೀಗ ಹಾಕುವಾಗ "ಹೋಗಿ ಬರ್ತೀನಿ ಅಕ್ಕಾ" ಅಂತ ಖಾಲಿ ಮನೆಗೇ ಹೇಳಿ ಹೋಗು. ಸಂಜೆ ಬಂದು ಕೇಳಿಸಿಕೊಳ್ತೀನಿ.