ಆಚೆ ಮಗ್ಗುಲ ಹಣ್ಣು

ಕುಸುಮಾ, ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ.

ಇವತ್ತು ಕಾಫಿ ಕುಯ್ಯುವಾಗ, ಹೊಸದಾಗಿ ಕೆಲಸಕ್ಕೆ ಬಂದ ಪವಿತ್ರ, "ಅಕ್ಕ, ಕೇಳಕ್ಕೆ ಒಳ್ಳೆ ಪಾಡ್‌ಕಾಸ್ಟ್ ಇದ್ರೆ ಹೇಳಿ" ಅಂದಳು. ನಿನಗಿಷ್ಟವಾದ ಜೇನು ಹಿಡಿಯುವವರ ಕಥೆಗಳನ್ನೇ ಹೇಳಿದೆ. ಒಂದೇ ಇಯರ್‌ಫೋನನ್ನು ನೀನೂ ನಾನೂ ಒಂದೊಂದು ಕಿವಿಗೆ ಸಿಕ್ಕಿಸಿಕೊಂಡು, ವೈರು ಜಗ್ಗದಂತೆ ಒಂದೇ ಗಿಡದ ಎರಡು ಮಗ್ಗುಲಲ್ಲಿ ನಿಂತು ಹಣ್ಣು ಬಿಡಿಸುತ್ತಿದ್ದದ್ದನ್ನೂ ಹೇಳಿದೆ. ಮೇಸ್ತ್ರಿ ರೇಗಿದ ದಿನ "ಫೋನು ಇವಳದ್ದು" ಎಂದು ನಾನು ನಿನ್ನತ್ತ ಕೈ ತೋರಿಸಿದ್ದನ್ನು ಮಾತ್ರ ಹೇಳಲಿಲ್ಲ. ಮರುದಿನವೇ ನೀನು ಈ ತೋಟ ಬಿಟ್ಟು ಸಂಸೆ ಕಡೆಯ ತೋಟಕ್ಕೆ ಹೋದೆ.

"ಈಗ ವೈರೇ ಇಲ್ಲ ಅಕ್ಕ" ಎಂದು ನಕ್ಕು, ಪವಿತ್ರ ಎರಡೂ ಕಿವಿಗೆ ಹಾಕಿಕೊಂಡಳು.

ಸಂಜೆ ಮೇಸ್ತ್ರಿ ನನ್ನ ಸಾಲು ನೋಡಿ ನಿಂತರು. ಪವಿತ್ರಳ ಜೊತೆ ಆ ಮಾತಾಡಿದ ಮೇಲೆ ನಾನು ಕುಯ್ದ ಗಿಡಗಳಲ್ಲೆಲ್ಲ ಆಚೆ ಮಗ್ಗುಲ ಹಣ್ಣು ಹಾಗೇ ಇತ್ತು.

"ಇದನ್ನ ಯಾರಿಗೆ ಬಿಟ್ಟಿದ್ದಿ ಮಾರಾಯ್ತಿ?"